ಹಿಂದುಳಿದ ತಾಲ್ಲೂಕು: ಅನುದಾನ ನೀತಿಯಲ್ಲಿ ಒಂದು ಪರಿಕಲ್ಪನೆಯ ಬೆಳವಣಿಗೆ

ಸರ್ಕಾರವು ತನ್ನ ಬೊಕ್ಕಸದಿಂದ ಹಿಂದುಳಿದ ಪ್ರದೇಶಗಳಿಗೆ ಸಹಾಯದ್ರವ್ಯವನ್ನು ನೀಡಹೊರಟಾಗ ಎರಡು ಪ್ರಶ್ನೆಗಳು ಏಳುತ್ತವೆ: ಯಾವ ಪ್ರದೇಶವು ಹಿಂದುಳಿದುದು? ಅದನ್ನು ನಿರ್ಣಯಿಸುವ ಅಳತೆಗೋಲು ಯಾವುದು? ಸ್ವಾತಂತ್ರ್ಯಾನಂತರ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಮಾರ್ಪಟ್ಟ ಬಗೆಯನ್ನು ಕರ್ನಾಟಕಕ್ಕೆ ಅನ್ವಯಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1952ರ ಅಕ್ಟೋಬರ್ 2ರಂದು ಭಾರತದಲ್ಲಿ 55 ಸಮುದಾಯ ಅಭಿವೃದ್ಧಿ ಯೋಜನೆಗಳು ಆರಂಭವಾದವು. ಒಂದೊಂದು ಯೋಜನೆಯ ವ್ಯಾಪ್ತಿಯಲ್ಲಿ ಸುಮಾರು 300 ಗ್ರಾಮಗಳೂ ಎರಡು ಲಕ್ಷ ಜನರೂ ಇದ್ದರು. ಮರುವರ್ಷವೇ ರಾಷ್ಟ್ರೀಯ ವಿಸ್ತರಣಾ ಸೇವೆಯು ಇದರ ಜೊತೆಗೂಡಿತು. ಬಾವಿ, ಶಾಲೆ, ರಸ್ತೆಗಳಿಗೆ ಸರ್ಕಾರದ ಹಣದೊಡನೆ ಜನರ ಪಾಲೂ ಹಣದ ರೂಪದಲ್ಲಿಯೋ ಶ್ರಮದಾನದ ರೂಪದಲ್ಲಿಯೋ ಕೂಡಬೇಕೆಂಬುದು ಇದರ ತತ್ತ್ವ.

ಈ ತತ್ತ್ವವು ಉದಾತ್ತವಾದುದೇ ಸರಿ. ಆದರೆ ಅದರೊಳಗೊಂದು ವೈಷಮ್ಯವೂ ಅಡಗಿತ್ತು. ಪಾಲು ಕೊಡಬಲ್ಲ ಊರಿಗೆ ಅನುದಾನ ಸುಲಭ. ಮಳೆ ಕೈಕೊಟ್ಟು ಕೂಲಿಗಾಗಿ ವಲಸೆ ಹೋಗುವ ಊರಿಗೆ ಅದು ದುರ್ಲಭ. ದಿನಗೂಲಿಯಿಂದಲೇ ಬದುಕುವವನಿಗೆ ಒಂದು ದಿನದ ಶ್ರಮದಾನವೆಂದರೆ ಒಂದು ದಿನದ ಅನ್ನ. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿಯು, ಈ ಕಾರ್ಯಕ್ರಮವು ಸ್ಥಳೀಯ ಜನರ ಸ್ವಂತ ಉತ್ಸಾಹವನ್ನು ಸಾಕಷ್ಟು ಎಚ್ಚರಿಸಲಿಲ್ಲವೆಂದು ಕಂಡು, ಚುನಾಯಿತ ಸಂಸ್ಥೆಗಳಿಗೆ ಅಧಿಕಾರವನ್ನು ವಹಿಸಬೇಕೆಂದು ಸೂಚಿಸಿತು. ಮೈಸೂರು ರಾಜ್ಯದಲ್ಲಿ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆಯು ಜಾರಿಗೆ ಬಂದಿತು. ಆದರೂ ಊರೂರಿನ ಶಕ್ತಿಯ ತಾರತಮ್ಯವನ್ನು ಅಳೆಯುವ ಕಾರ್ಯ ಉಳಿದೇ ಇತ್ತು.

ಆ ಕಾರ್ಯವನ್ನು ವ್ಯವಸ್ಥಿತವಾಗಿ ಕೈಗೊಂಡವರು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರು. 2000ದಲ್ಲಿ ರಚಿತವಾದ ಅವರ ಸಮಿತಿಯು 2002ರಲ್ಲಿ ವರದಿಯನ್ನು ಒಪ್ಪಿಸಿತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ತೂಗಿ, ರಾಜ್ಯದ ಸರಾಸರಿಯನ್ನು ಒಂದೆಂದು ಎಣಿಸಿ, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಅಂದಿನ ಗುಲ್ಬರ್ಗ ವಿಭಾಗಕ್ಕೆ ಸೇರಿದ್ದರೆ, 11 ಬೆಂಗಳೂರು ವಿಭಾಗದಲ್ಲಿಯೇ ಇದ್ದುದು ಗಮನಾರ್ಹ. ರಾಜಧಾನಿಯ ಸಾಮೀಪ್ಯವೊಂದೇ ಏಳಿಗೆಯನ್ನು ತರಲಾರದೆಂಬುದಕ್ಕೆ ಇದು ಸಾಕ್ಷಿ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿಯು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬಂದುದು 2007-08ರಿಂದ.

ಮುಂದೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ಸೇರ್ಪಡೆಯಾಗಿ, 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಪ್ರದೇಶಕ್ಕೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿಯು ಏರ್ಪಟ್ಟಿತು. ಮಂಡಳಿಯ ಕಾರ್ಯದ ವರದಿಯು ಪ್ರತಿವರ್ಷವೂ ವಿಧಾನಸಭೆಯ ಮುಂದೆ ಬರಬೇಕೆಂಬುದು ಆ ವಿಧಿಯ ಆಶಯ. ದಾನವೆಂದು ತೋರುತ್ತಿದ್ದ ಅನುದಾನವು ಇಲ್ಲಿ ಹಕ್ಕಿನ ಸ್ವರೂಪವನ್ನು ಪಡೆಯಿತು.

ಹೀಗೆ, ಕೊಡಬಲ್ಲವರಿಗೆ ಕೊಡುವ ನೀತಿಯಿಂದ, ಇಲ್ಲದವರನ್ನು ಗುರುತಿಸಿ ಕೊಡುವ ನೀತಿಯವರೆಗೆ ಈ ಇತಿಹಾಸವು ಸಾಗಿಬಂದಿದೆ. ಆದರೆ ತಾಲ್ಲೂಕಿನ ಸರಾಸರಿಯು ಅದರೊಳಗಿನ ಕೇರಿಯ ಬಡತನವನ್ನು ಮರೆಮಾಡಬಲ್ಲುದು. ಮುಂದುವರಿದ ನಗರದ ಕೊಳೆಗೇರಿಗೂ ಈ ಮಾತು ಸಲ್ಲುತ್ತದೆ. ಮಂಜೂರಾದ ಹಣವಲ್ಲ, ಮುಟ್ಟಿದ ಹಣವೇ ನೀತಿಯ ನಿಜವಾದ ಪರೀಕ್ಷೆ. ಆ ಪರೀಕ್ಷೆಗೆ ಬೇಕಾದ ಸಾಮಗ್ರಿಯು ತಾಲ್ಲೂಕು ಕಚೇರಿ ಹಾಗೂ ಪಂಚಾಯಿತಿಗಳ ಕಡತಗಳಲ್ಲಿದೆ. ನಮ್ಮ ವಿದ್ಯಾರ್ಥಿಗಳು ಅತ್ತ ದೃಷ್ಟಿ ಹರಿಸುವುದು ಉಚಿತ.