ಬೃಹತ್ ಸರ್ವರ್ ಸಂಗ್ರಹಗಳಲ್ಲಿ ಡಿಸ್ಕ್ ತಪಾಸಣೆ: ತೊಡಕುಗಳೂ ಪರಿಹಾರಗಳೂ

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಹಿಂಜವಾಡಿಯಲ್ಲಿ ರೂಪಿಸಿದ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಪುಣೆಯ ಕನ್ನಡಿಗರಿಗೆ ಅಪರಿಚಿತವಲ್ಲ. 1981ರಲ್ಲಿ ಪುಣೆಯಲ್ಲೇ ಜನ್ಮತಾಳಿ 1983ರಲ್ಲಿ ಬೆಂಗಳೂರಿಗೆ ತೆರಳಿದ ಇನ್ಫೋಸಿಸ್ ಸಂಸ್ಥೆಯೂ ಮುಂದೆ ಇಲ್ಲಿ ತನ್ನ ಆವರಣವನ್ನು ಕಟ್ಟಿತು. ಸರ್ವರ್ ನಿರ್ವಹಣೆಯಲ್ಲಿ ತೊಡಗಿದವರ ಮನೆಗಳಲ್ಲಿ ಶನಿವಾರ ರಾತ್ರಿಯ ‘ಡೌನ್‌ಟೈಮ್’ ಎಂಬ ಮಾತು ಹೆಂಗಳೆಯರಿಗೂ ಮಕ್ಕಳಿಗೂ ಗೊತ್ತು. ಆ ರಾತ್ರಿಯನ್ನು ಭಾನುವಾರದ ಊಟದ ಹೊತ್ತಿನವರೆಗೆ ಎಳೆಯಬಲ್ಲ ಕಾರ್ಯಗಳಲ್ಲಿ ಡಿಸ್ಕ್ ತಪಾಸಣೆಯೂ ಒಂದು.

ಹಳೆಯ ಅಂಗಡಿಗಳ ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನು ನೆನೆದರೆ ವಿಷಯ ಸುಲಭವಾಗುತ್ತದೆ. ಯಾವ ಕಡತ ಎಲ್ಲಿದೆ ಎಂಬುದನ್ನು ಡಿಸ್ಕಿನ ಖಾತೆ ಹೇಳುತ್ತದೆ; ನಡೆಯುತ್ತಿರುವ ಬದಲಾವಣೆಗಳನ್ನು ಕಿರ್ದಿ, ಅಂದರೆ ಜರ್ನಲ್, ಬರೆದಿಡುತ್ತದೆ. ವಿಂಡೋಸ್‌ನ ಚೆಕ್‌ಡಿಸ್ಕ್ ಖಾತೆಯ ಪುಟಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುತ್ತದೆ. ಗೋದಾಮಿನ ಮೂಟೆಗಳನ್ನು ಅದು ಬಿಚ್ಚುವುದಿಲ್ಲ. ಆದ್ದರಿಂದ ತಗಲುವ ಸಮಯ ಸಂಗ್ರಹದ ಗಾತ್ರಕ್ಕಿಂತ ಕಡತಗಳ ಸಂಖ್ಯೆಯನ್ನು ಹೆಚ್ಚು ಅವಲಂಬಿಸಿರುತ್ತದೆ. ಕೆಲವೇ ದೊಡ್ಡ ಡೇಟಾಬೇಸ್ ಕಡತಗಳಿರುವ ವಾಲ್ಯೂಮ್ ಬೇಗ ಮುಗಿಯುತ್ತದೆ. ಕೋಟಿಗಟ್ಟಲೆ ಚಿಕ್ಕ ಕಡತಗಳಿರುವುದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಶೇಕಡಾವಾರು ಅಂಕಿ ಒಂದೆಡೆ ನಿಂತುಬಿಟ್ಟಂತೆ ಕಂಡ ಮಾತ್ರಕ್ಕೆ ಯಂತ್ರ ಸ್ತಬ್ಧವಾಯಿತೆಂದು ತಿಳಿಯಬಾರದು. ಡಿಸ್ಕಿನ ಚಟುವಟಿಕೆಯನ್ನು ನೋಡಿಯೇ ನಿರ್ಧರಿಸಬೇಕು. ದುರಸ್ತಿಯ ನಡುವೆ ವಿದ್ಯುತ್ ಕಡಿದರೆ ಇದ್ದ ಹಾನಿ ಹೆಚ್ಚಾದೀತು.

‘ಆರ್’ ಆಯ್ಕೆಯ ಮಾತೇ ಬೇರೆ. ಅದು ಪ್ರತಿ ಮೂಟೆಯನ್ನೂ ಬಿಚ್ಚುತ್ತದೆ. ಖಾಲಿ ಜಾಗವನ್ನೂ ಬಿಡುವುದಿಲ್ಲ. ಸೆಕೆಂಡಿಗೆ 100 ಮೆಗಾಬೈಟ್ ಓದಿದರೆ 1 ಟೆರಾಬೈಟಿಗೆ ಸುಮಾರು 2 ಗಂಟೆ 47 ನಿಮಿಷ, 10 ಟೆರಾಬೈಟಿಗೆ ಸುಮಾರು 28 ಗಂಟೆ ಬೇಕು. ವಿಂಡೋಸ್ ಸರ್ವರ್ 2008 ಆರ್2ರಲ್ಲಿ ಈ ಆಯ್ಕೆ ಲಭ್ಯ ಮೆಮೊರಿಯ ಬಹುಪಾಲನ್ನು ನುಂಗುತ್ತಿದ್ದುದು ದೋಷವಲ್ಲ, ವೇಗಕ್ಕಾಗಿ ಮಾಡಿದ ಏರ್ಪಾಡು. ರೇಡ್ ನಿಯಂತ್ರಕವಿರುವಲ್ಲಿ ಕೆಟ್ಟ ಸೆಕ್ಟರ್‌ಗಳನ್ನು ಅದೇ ನೋಡಿಕೊಳ್ಳುವುದರಿಂದ ‘ಆರ್’ ಬಹುತೇಕ ವ್ಯರ್ಥಶ್ರಮವೆಂದೇ ನಮ್ಮ ಅಭಿಪ್ರಾಯ.

ದುರಸ್ತಿಗೆ ಕೈಹಾಕುವ ಮುನ್ನ ಬ್ಯಾಕಪ್ ಇದೆಯೇ, ಅದರಿಂದ ಕಡತಗಳು ನಿಜಕ್ಕೂ ಮರಳಿ ಬರುತ್ತವೆಯೇ ಎಂದು ಪರೀಕ್ಷಿಸುವುದು ಅಗತ್ಯ. ಚೆಕ್‌ಡಿಸ್ಕ್ ಕಾಪಾಡುವುದು ಖಾತೆಯನ್ನು, ಸರಕನ್ನಲ್ಲ. ಲೆಕ್ಕ ಸರಿಹೊಂದದ ತುಣುಕುಗಳನ್ನು ಹೆಸರಿಲ್ಲದ ಕಡತಗಳಾಗಿ ಬದಿಗೆ ಸರಿಸಿಬಿಡಬಹುದು. ಸಿಸ್ಟಂ ಲಾಗ್‌ನಲ್ಲಿ ಎನ್‌ಟಿಎಫ್‌ಎಸ್‌ನ 55ನೇ ಸಂಖ್ಯೆಯ ದಾಖಲೆ ಕಂಡರೆ ಕಡತ ವ್ಯವಸ್ಥೆ ಕೆಟ್ಟಿದೆ ಎಂದರ್ಥ. ಆದರೆ ಅದರ ಮೂಲ ಸಾಯುತ್ತಿರುವ ಡಿಸ್ಕ್, ಕೇಬಲ್, ನಿಯಂತ್ರಕ ಅಥವಾ ಮೆಮೊರಿಯಲ್ಲಿರಬಹುದು. ಅವನ್ನು ಸರಿಪಡಿಸದೆ ತಪಾಸಣೆ ನಡೆಸಿದರೆ ಸೋರುವ ಕೊಡಕ್ಕೆ ನೀರು ತುಂಬಿದಂತೆಯೇ ಸರಿ.

ವಿಂಡೋಸ್ ಸರ್ವರ್ 2012 ಬಂದ ಮೇಲೆ ದೊಡ್ಡ ವಾಲ್ಯೂಮ್‌ಗಳ ಸಂಕಟ ಬಹಳ ತಗ್ಗಿತು. ‘ಸ್ಕ್ಯಾನ್’ ಆಯ್ಕೆಯು ಸರ್ವರ್ ಸೇವೆಯಲ್ಲಿರುವಾಗಲೇ ದೋಷಗಳನ್ನು ಗುರುತಿಸಿಡುತ್ತದೆ. ಬಳಿಕ ‘ಸ್ಪಾಟ್‌ಫಿಕ್ಸ್’ ಅಷ್ಟನ್ನು ಮಾತ್ರ ತಿದ್ದುತ್ತದೆ. ಹೀಗಾಗಿ ಸೇವೆ ನಿಲ್ಲುವ ಅವಧಿ ಕಡತಗಳ ಸಂಖ್ಯೆಯನ್ನಲ್ಲ, ದೋಷಗಳ ಸಂಖ್ಯೆಯನ್ನು ಅವಲಂಬಿಸುತ್ತದೆ.

ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಎಫ್‌ಎಸ್‌ಸಿಕೆ ಮಾಡುತ್ತದೆ. ಬಳಕೆಯಲ್ಲಿರುವ ವಾಲ್ಯೂಮ್ ಮೇಲೆ ಅದರಿಂದ ದುರಸ್ತಿ ಮಾಡಿಸಕೂಡದು. ಮೊದಲು ಅನ್‌ಮೌಂಟ್ ಮಾಡಿ, ‘ಎನ್’ ಆಯ್ಕೆಯೊಂದಿಗೆ ಏನನ್ನೂ ತಿದ್ದದೆ ಬರಿದೇ ನೋಡಬೇಕು. ಎಕ್ಸ್‌ಎಫ್‌ಎಸ್ ಬಳಸುವವರಿಗೆ ಮತ್ತೊಂದು ಸೂಕ್ಷ್ಮವಿದೆ. ಅಲ್ಲಿ ಎಫ್‌ಎಸ್‌ಸಿಕೆ ಏನನ್ನೂ ಮಾಡುವುದಿಲ್ಲ, ಎಕ್ಸ್‌ಎಫ್‌ಎಸ್ ರಿಪೇರ್ ಎಂಬ ಬೇರೆ ಸಾಧನವೇ ಬೇಕು. ಕಿರ್ದಿಯಲ್ಲಿ ಬಾಕಿ ಇದೆ ಎಂದು ಅದು ನಿರಾಕರಿಸಿದರೆ, ವಾಲ್ಯೂಮನ್ನು ಒಮ್ಮೆ ಮೌಂಟ್ ಮಾಡಿ ಬಾಕಿಯನ್ನು ಖಾತೆಗೆ ಏರಿಸಿ, ಮತ್ತೆ ಅನ್‌ಮೌಂಟ್ ಮಾಡಿ ಪ್ರಯತ್ನಿಸಬೇಕು. ಮೌಂಟ್ ಆಗಲೇ ಒಲ್ಲದಿದ್ದಾಗ ಮಾತ್ರ ದೊಡ್ಡಕ್ಷರದ ‘ಎಲ್’ ಆಯ್ಕೆ. ಅದು ಕಿರ್ದಿಯನ್ನೇ ಅಳಿಸುವುದರಿಂದ ಕೊನೆಯ ಕೆಲವು ಬದಲಾವಣೆಗಳು ಕೈಬಿಟ್ಟು ಹೋಗಬಹುದು.