ಕಲ್ಲಿದ್ದಲಿಗೆ ಕಟ್ಟಿದ ಸುಂಕ

ಕಾರ್ಬನ್ ತೆರಿಗೆ ಅಂದ್ರೆ ಯೂರೋಪಿನವರ ಕಸರತ್ತು ಅಂತ ಆಫೀಸಿನ ಊಟದ ಟೇಬಲ್ಲಿನಲ್ಲಿ ಆಗಾಗ ಕೇಳ್ತೀನಿ. ನಮ್ಮಲ್ಲೂ ಅಂಥದ್ದೊಂದು ಇತ್ತು. 2010ರ ಬಜೆಟ್‌ನಲ್ಲಿ ಪ್ರಣಬ್ ಮುಖರ್ಜಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. ಇಲ್ಲಿನ ಗಣಿಯದ್ದಾಗಲಿ, ಹಡಗಿನಲ್ಲಿ ಬಂದದ್ದಾಗಲಿ, ಎರಡಕ್ಕೂ. ಹಣ ಶುದ್ಧ ಇಂಧನಕ್ಕೆ ಅಂತ ಮಾತು. 2014ರಲ್ಲಿ ಅದು 100 ಆಯ್ತು, ಮರುವರ್ಷ 200, 2016ರಲ್ಲಿ 400.

ಖರ್ಚಿನ ಲೆಕ್ಕ ಮಾತ್ರ ಬೇರೆ. 2017-18ರವರೆಗೆ ಬಂದದ್ದು ಸುಮಾರು 86 ಸಾವಿರ ಕೋಟಿ. ಶುದ್ಧ ಇಂಧನ ನಿಧಿಗೆ ಸೇರಿದ್ದು 30 ಸಾವಿರ ಕೋಟಿಗೂ ಕಡಿಮೆ, ಯೋಜನೆಗಳಿಗೆ ತಲುಪಿದ್ದು ಅದರಲ್ಲೂ ಹೆಚ್ಚುಕಮ್ಮಿ ಅರ್ಧ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಟನ್ನಿಗೆ 400 ಹಾಗೇ ಉಳೀತು, ಹೆಸರು ಪರಿಹಾರ ಸೆಸ್ ಆಯ್ತು, ದುಡ್ಡು ರಾಜ್ಯಗಳ ತೆರಿಗೆ ನಷ್ಟ ತುಂಬೋಕೆ ಹೋಯ್ತು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ಫಂಕ್ಷನ್ ಅದೇ, ಔಟ್‌ಪುಟ್ ಬೇರೆ ಫೈಲಿಗೆ.

ರಾಜ್ಯಗಳಿಗೂ ದುಡ್ಡು ಬೇಕಿತ್ತು, ನಿಜ. ಆದರೆ ನಾನು ಹಳ್ಳಿಯವನು. ಜಾತ್ರೆಗೆ ಎತ್ತಿದ ಚಂದಾ ಬೇರೆ ಕಡೆ ಹೋದ್ರೆ ಅರಳಿಕಟ್ಟೇಲಿ ಲೆಕ್ಕ ಕೇಳ್ತಾರೆ. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ಅಂತ ಬಾಡಿಗೆ ಶುರುವಾಯ್ತು. ಜಮೀನೇ ಇಲ್ಲದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಆ ಹೊಲಗಳ ಕೂಲೀನೂ ಹೋಯ್ತು. ಅವರಿಗೆ ಹೊಸ ಕೆಲಸ ಕಲಿಸೋಕೆ ಈ ಸೆಸ್ಸಿನಲ್ಲಿ ಒಂದು ಸಣ್ಣ ಪಾಲು ಸಾಕಿತ್ತು.