ಕರೆಗೆ ಓಗೊಟ್ಟವರ ದುಡಿಮೆ

ಸುವಾರ್ತೆಗಳಲ್ಲಿ ಯೇಸು ಕರೆದ ಮೊದಲ ಶಿಷ್ಯರು ಕೆಲಸದ ನಡುವೆ ಇದ್ದವರು. ಪೇತ್ರ, ಅಂದ್ರೆಯರು ಬಲೆ ಬೀಸುತ್ತಿದ್ದರು, ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು, ಮತ್ತಾಯ ಸುಂಕದ ಕಟ್ಟೆಯಲ್ಲಿದ್ದ. ಅವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ಹೋದರು. ಆದರೆ ಅದೇ ಪುಸ್ತಕಗಳಲ್ಲಿ ಜಕ್ಕಾಯನೂ ಇದ್ದಾನೆ. ಅವನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟು, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುವ ಮಾತು ಕೊಡುತ್ತಾನೆ. ಸುಂಕದ ಕೆಲಸ ಬಿಟ್ಟನೆಂದು ಲೂಕ ಎಲ್ಲೂ ಬರೆಯುವುದಿಲ್ಲ. ಪೌಲ ಕೊರಿಂಥದಲ್ಲಿ ಸುವಾರ್ತೆ ಸಾರುತ್ತಲೇ ಗುಡಾರ ಹೊಲಿದು ಅನ್ನ ಸಂಪಾದಿಸಿದ. ಕರೆಗೆ ಓಗೊಟ್ಟವನು ಮರುದಿನ ಬೆಳಿಗ್ಗೆ ಯಾವ ಕೆಲಸಕ್ಕೆ ಹೋಗಬೇಕು ಎಂಬ ಪ್ರಶ್ನೆ ಹೀಗೆ ಮೊದಲಿನಿಂದಲೂ ಇತ್ಯರ್ಥವಾಗದೆ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ತುಳುನಾಡಿನಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿ ಎದುರಾಯಿತು. ಬಾಸೆಲ್ ಮಿಷನ್ನಿನ ಮಗ್ಗ, ಹಂಚಿನ ಕಾರ್ಖಾನೆಗಳ ಕಥೆಯನ್ನು ನಾವು ಸಾಮಾನ್ಯವಾಗಿ ಕೈಗಾರಿಕೆಯ ಚರಿತ್ರೆಯಾಗಿ ಓದುತ್ತೇವೆ. ಅದನ್ನು ಶಿಷ್ಯತ್ವದ ಚರಿತ್ರೆಯಾಗಿಯೂ ಓದಬೇಕು, ಮತ್ತು ಅದರಲ್ಲಿ ಮೊದಲ ಹೆಜ್ಜೆ ಮಿಷನರಿಗಳದಲ್ಲ, ದೀಕ್ಷಾಸ್ನಾನ ಪಡೆದ ಇಲ್ಲಿನ ಜನರದು ಎಂಬುದು ನನ್ನ ವಾದ.

1833ರ ಸನ್ನದು ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಆಡಳಿತ ಪ್ರದೇಶದ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದರು. ಅವರನ್ನು ಕಳಿಸಿದ ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ್ದು. ಅದರ ಬೇರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿತ್ತು. ಪಾಪದ ಅರಿವು, ಕಣ್ಣೀರು, ಹೃದಯದ ಮಾರ್ಪಾಡು, ಬಳಿಕ ಶಿಸ್ತಿನ ಬಾಳು: ಇದು ಆ ಪಂಥದವರಿಗೆ ಗೊತ್ತಿದ್ದ ದಾರಿ. ಅಲ್ಲಿ ಹೃದಯ ಮಾರ್ಪಟ್ಟ ನೇಕಾರ ಮರುದಿನವೂ ತನ್ನ ಮಗ್ಗದ ಮುಂದೆಯೇ ಕೂರುತ್ತಿದ್ದ, ರೈತ ತನ್ನ ಹೊಲಕ್ಕೇ ಹೋಗುತ್ತಿದ್ದ. ಊರಿಗೆ ಊರೇ ಕ್ರೈಸ್ತವಾಗಿದ್ದ ನಾಡಿನಲ್ಲಿ ಕರೆಗೆ ಓಗೊಡುವುದು ಒಳಮನೆಯ ಸಂಗತಿ. ಹಾಗಾಗಿ ಮೂವರೂ ಇಲ್ಲಿಗೆ ಬಂದದ್ದು ಸಾರುವುದಕ್ಕೆ, ಶಾಲೆ ನಡೆಸುವುದಕ್ಕೆ. ಕಾರ್ಖಾನೆಯ ಯೋಚನೆ ಅವರ ಗಂಟಿನಲ್ಲಿರಲಿಲ್ಲ.

ತುಳುನಾಡಿನಲ್ಲಿ ಒಳಮನೆ, ಹೊರಮನೆ ಬೇರೆ ಬೇರೆಯಾಗಿರಲಿಲ್ಲ. ಮಿಷನ್ನಿನ ಮಾತಿಗೆ ಹೆಚ್ಚಾಗಿ ಕಿವಿಗೊಟ್ಟವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ತಾಳೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಕುಡಿತಕ್ಕೆ ನೆರವಾಗುವ ಕೆಲಸ ಕ್ರೈಸ್ತನಿಗೆ ತಕ್ಕದ್ದಲ್ಲವೆಂದು ಮಿಷನರಿಗಳು ಹಟ ಹಿಡಿದರು, ದೀಕ್ಷೆ ಪಡೆದವನು ಕತ್ತಿಯನ್ನೂ ಕಳ್ಳಿನ ಮಡಕೆಯನ್ನೂ ಕೆಳಗಿಡಬೇಕಾಯಿತು. ಗೇಣಿಗೆ ಉಳುತ್ತಿದ್ದವನ ಕಷ್ಟ ಇನ್ನೊಂದು ಬಗೆಯದು. ಭೂತದ ಕೋಲಕ್ಕೆ ತನ್ನ ಪಾಲಿನ ಅಕ್ಕಿ, ಎಣ್ಣೆ, ಚಾಕರಿ ಸಲ್ಲಿಸದವನನ್ನು ಒಡೆಯ ಒಕ್ಕಲಲ್ಲಿ ಇಟ್ಟುಕೊಳ್ಳುವನೆಂಬ ಭರವಸೆ ಇರಲಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯ ಕುಟುಂಬದ್ದು. ಕುಟುಂಬ ಹೊರಹಾಕಿದರೆ ಗಂಡಸಿಗೆ ತನ್ನದೆಂದು ಹೇಳಿಕೊಳ್ಳಲು ಉಳಿಯುತ್ತಿದ್ದುದು ಬಹಳ ಕಡಿಮೆ. ಮತ ಬದಲಿಸಿದ್ದಕ್ಕಾಗಿ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು 1850ರಲ್ಲಿ ಸರಕಾರ ಕಾಯ್ದೆಯನ್ನೇ ಮಾಡಬೇಕಾಯಿತು ಎಂದರೆ ಕಳೆದುಕೊಳ್ಳುವುದು ಎಷ್ಟು ಸಾಮಾನ್ಯವಾಗಿತ್ತೆಂದು ತಿಳಿಯುತ್ತದೆ. ಮೇಲ್ಜಾತಿಯವರಿಗೂ ಇದು ತಪ್ಪಲಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ವಿಷಯದಲ್ಲಿ ಮಂಗಳೂರೇ ಅಲ್ಲೋಲಕಲ್ಲೋಲವಾಯಿತು. ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಕೈಹಿಡಿದ ಹೆಂಡತಿ ಅವರ ಜೊತೆಗೆ ಬರಲಿಲ್ಲ. ಆದರೂ ಕೌಂಡಿನ್ಯರಿಗೆ ವಿದ್ಯೆಯಿತ್ತು, ಹೋಗಲು ಒಂದು ದಾರಿಯಿತ್ತು. ಮೂರ್ತೆ ಬಿಟ್ಟವನಿಗೆ ಅದೂ ಇರಲಿಲ್ಲ. ಅವನು ಮಿಷನ್ನಿನ ಅಂಗಳಕ್ಕೆ ಬಂದು ನಿಂತ, ಹಿಂದೆ ಹೆಂಡತಿ ಮಕ್ಕಳು. ಅವನ ಆ ನಿಲುವೇ ಒಂದು ಪ್ರಶ್ನೆಯಾಗಿತ್ತು, ಭಕ್ತಿಪಂಥದ ಪುಸ್ತಕಗಳಲ್ಲಿ ಅದಕ್ಕೆ ಸಿದ್ಧ ಉತ್ತರವಿರಲಿಲ್ಲ.

ಉತ್ತರಕ್ಕಾಗಿ ಮಿಷನ್ ತಡಕಾಡಿದ್ದನ್ನು ನೋಡಿದರೇ ಇದರ ಹಿಂದೆ ಮುಂಚಿತ ಯೋಜನೆ ಇರಲಿಲ್ಲವೆಂಬುದು ಸ್ಪಷ್ಟ. ಬೇಸಾಯ, ಬಡಗಿ ಕೆಲಸ, ಗಡಿಯಾರ ರಿಪೇರಿ ಹೀಗೆ ಒಂದರ ಹಿಂದೊಂದು ಪ್ರಯತ್ನ ನಡೆಯಿತು. ಹಲವು ಬೇರೂರದೆ ಹೋದವು. 1841ರಲ್ಲಿ ಶುರುವಾದ ಮುದ್ರಣಾಲಯ ನಿಂತಿತು, ಎರಡು ವರ್ಷಗಳ ಬಳಿಕ ಮಿಷನರಿ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದ ಅದು ಕನ್ನಡಿಗರಿಗೆಲ್ಲ ಪರಿಚಿತ, ಆದರೆ ಅಲ್ಲಿ ಅನ್ನ ಸಿಕ್ಕುತ್ತಿದ್ದುದು ಕೆಲವರಿಗೆ ಮಾತ್ರ. ನೇಯ್ಗೆಗೆ ಬಲ ಬಂದದ್ದು 1851ರಲ್ಲಿ ಹಾಲರ್ ಎಂಬ ಕುಶಲ ನೇಕಾರ ಯುರೋಪಿನಿಂದ ಬಂದ ಮೇಲೆ. ಅದೇ ಸುಮಾರಿಗೆ ಮುದ್ರಣದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಹೊಳೆಯ ಬದಿಯ ಜೇಡಿಮಣ್ಣು ತಂದು ರಾಶಿ ಹಾಕಿ ಹದಕ್ಕೆ ಬಿಡುವುದು, ಎತ್ತು ಸುತ್ತು ಬರುವ ಅರೆಯುವ ಯಂತ್ರದಲ್ಲಿ ಅದನ್ನು ನಾದುವುದು, ಹಲಗೆಯಷ್ಟು ದಪ್ಪಕ್ಕೆ ತಟ್ಟಿ ಎಣ್ಣೆ ಸವರಿದ ಅಚ್ಚಿನಲ್ಲಿಟ್ಟು ಒತ್ತುವುದು, ಅಂಚಿನಲ್ಲಿ ಉಬ್ಬಿದ ಮಣ್ಣನ್ನು ಸವರಿ ತೆಗೆಯುವುದು, ನೆರಳಲ್ಲಿ ಒಣಗಿಸಿ ಗೂಡಿಗೆ ಏರಿಸಿ ಸೌದೆ ಉರಿಯಲ್ಲಿ ಸುಡುವುದು. ಒಂದು ಹಂಚಿನ ತುಟಿ ಇನ್ನೊಂದರ ಜಾಡಿನಲ್ಲಿ ಕೂರುವಂತೆ ಅಚ್ಚಿದ್ದುದರಿಂದ ಕರಾವಳಿಯ ಜಡಿಮಳೆಗೂ ಮಾಡು ಸೋರುತ್ತಿರಲಿಲ್ಲ. ಮೊದಮೊದಲು ದಿನಕ್ಕೆ ಐನೂರು ಚಿಲ್ಲರೆ ಹಂಚು ಹೊರಬರುತ್ತಿದ್ದ ಈ ಕೆಲಸ ಮುಂದೆ ಮಲಬಾರಿನವರೆಗೆ ಹಬ್ಬಿತು. ಮರ ಹತ್ತುವುದನ್ನು ಬಿಟ್ಟವರ ಮಕ್ಕಳು ಅಚ್ಚೊತ್ತುವುದನ್ನು ಕಲಿತರು. ಜಾತಿಗೆ ಅಂಟಿ ಬಾರದ ಕಸುಬೊಂದು ಅವರ ಕೈಗೆ ಸಿಕ್ಕಿತು. ಅಪ್ಪನ ಕೆಲಸವೇ ಮಗನ ಹಣೆಬರಹವಾಗಿದ್ದ ಸಮಾಜದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಕಾರ್ಖಾನೆ ಎಂಬುದು ಗಾಳ, ಸಂಬಳದ ಆಸೆಗೆ ಜನ ಮತ ಬದಲಿಸಿದರು. ಒಂದು ಶತಮಾನದ ಅವಧಿಯಲ್ಲಿ ಸಂಬಳ ಕಂಡು ಬಂದವರು ಯಾರೂ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಈ ವಾದ ಕಾಲದ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮೊದಲ ಮಿಷನರಿಗಳು ಬಂದದ್ದಕ್ಕೂ ಜೆಪ್ಪುವಿನ ಗೂಡಿಗೆ ಬೆಂಕಿ ಹಾಕಿದ್ದಕ್ಕೂ ನಡುವೆ ಮೂವತ್ತೊಂದು ವರ್ಷಗಳಿವೆ. ಆ ಮೂವತ್ತು ವರ್ಷ ಸಭೆ ಸೇರಿದವರಿಗೆ ಕಣ್ಣೆದುರು ಕಾಣುತ್ತಿದ್ದುದು ಲಾಭವಲ್ಲ, ಒಕ್ಕಲೆಬ್ಬಿಸುವಿಕೆ ಮತ್ತು ಬಹಿಷ್ಕಾರ. ಇದ್ದ ಕಸುಬನ್ನು ಬಿಡಿಸಿ, ಹೊಸದನ್ನು ಕೊಡಲಾಗದೆ ಒದ್ದಾಡುತ್ತಿದ್ದ ಮಿಷನ್ನನ್ನು ಆಸೆಬುರುಕರು ಆರಿಸಿಕೊಳ್ಳುವುದು ಅಷ್ಟು ಸಹಜವಲ್ಲ. ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ಅನ್ನಕ್ಕಾಗಿ ಬಂದವನ ನಂಬಿಕೆ ಸುಳ್ಳೇ ಇರಬೇಕೆಂಬ ಊಹೆ ಹೊಟ್ಟೆ ತುಂಬಿದವರ ಊಹೆ. ಹಸಿದವನಿಗೆ ರೊಟ್ಟಿಯೂ ದೇವರ ರಾಜ್ಯವೂ ಬೇರೆ ಬೇರೆ ಕಟ್ಟೆಯಲ್ಲಿ ಸಿಗುವ ಸರಕಲ್ಲ, ಯೇಸು ಕಲಿಸಿದ ಪ್ರಾರ್ಥನೆಯಲ್ಲಿಯೂ ಅವೆರಡನ್ನು ಒಂದೇ ಉಸಿರಿನಲ್ಲಿ ಕೇಳಲಾಗಿದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆಲಸ ಕೊಡುವವನೂ ಆತ್ಮದ ಲೆಕ್ಕ ಕೇಳುವವನೂ ಒಂದೇ ಮಿಷನ್ನಿನವರಾದಾಗ ಶಿಷ್ಯತ್ವ ಯಾವುದು, ಧಣಿಗೆ ವಿಧೇಯತೆ ಯಾವುದು ಎಂದು ಬಿಡಿಸುವುದು ಹೇಗೆ? ದಿನದ ದುಡಿಮೆಗೆ ಮುನ್ನ ಪ್ರಾರ್ಥನೆ, ಗಂಟೆಗೆ ಸರಿಯಾಗಿ ಹಾಜರಿ, ಕುಡಿತಕ್ಕೆ ನಿಷೇಧ, ಭಾನುವಾರ ರಜೆ: ಇವುಗಳಲ್ಲಿ ಎಷ್ಟು ಸುವಾರ್ತೆಯದು, ಎಷ್ಟು ಯುರೋಪಿನ ಕಾರ್ಖಾನೆಯದು? 1851–52ರಲ್ಲಿ ಭಾರತಕ್ಕೆ ಬಂದುಹೋದ ಮಿಷನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ ಸಭೆಗಳಿಗೆ ಬಿಗಿಯಾದ ಕಟ್ಟಳೆ ಹಾಕಿಕೊಟ್ಟರು, ನಿರ್ಧಾರಗಳು ಬಾಸೆಲಿನಿಂದ ಬಂದವು. ಇಲ್ಲಿನ ಕ್ರೈಸ್ತರು ಬಹಳ ಕಾಲ ಕಿರಿಯರ ಸ್ಥಾನದಲ್ಲೇ ಉಳಿದರು. ಇದು ತಪ್ಪೆಂದು ಒಪ್ಪಿಕೊಳ್ಳಲು ನನಗೆ ಅಡ್ಡಿಯಿಲ್ಲ. ಮಿಷನ್ನು ವ್ಯಾಪಾರಕ್ಕೆ ಕೈಹಾಕಬಹುದೇ ಎಂಬ ಅಳುಕು ಬಾಸೆಲಿನಲ್ಲಿಯೂ ಇತ್ತು. 1859ರಲ್ಲಿ ಪ್ರತ್ಯೇಕ ವ್ಯಾಪಾರಿ ಸಂಸ್ಥೆಯನ್ನು ಕಟ್ಟಿದ್ದೂ ಆ ಅಳುಕಿನೊಡನೆ ಸೇರಿಸಿ ನೋಡಬೇಕಾದ ಸಂಗತಿ. ಆದರೆ ಈ ಆಕ್ಷೇಪದಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಕಟ್ಟಳೆ ಮಿಷನ್ನಿನದಾಗಿತ್ತು ನಿಜ, ಕಟ್ಟಳೆಗೆ ಮುಂಚಿನ ತ್ಯಾಗ ಇಲ್ಲಿನವರದು. ಮೂರ್ತೆ ಬಿಡಬೇಕೆಂದು ಹೇಳುವುದು ಗುರುವಿಗೆ ಒಂದು ವಾಕ್ಯದ ಕೆಲಸ. ಅದನ್ನು ಬಿಟ್ಟು, ಬಿಟ್ಟ ದಿನ ರಾತ್ರಿ ಒಲೆ ಹಚ್ಚುವುದು ಹೇಗೆಂದು ಚಿಂತಿಸಿದವರು ಆ ಮನೆಯ ಗಂಡಸರು, ಹೆಂಗಸರು. ಚರಿತ್ರೆಯ ಪುಸ್ತಕಗಳಲ್ಲಿ ಹೆಬಿಕ್, ಮೊಗ್ಲಿಂಗ್, ಪ್ಲೆಬ್ಸ್ಟ್ ಹೆಸರುಗಳಿವೆ, ಇವರ ಹೆಸರುಗಳು ಹೆಚ್ಚಾಗಿ ಸಭೆಯ ದೀಕ್ಷಾಸ್ನಾನದ ದಫ್ತರಗಳಲ್ಲೇ ಉಳಿದಿವೆ. ಕರಾವಳಿಯ ಕ್ರೈಸ್ತ ದಿನಚರಿಯನ್ನು ರೂಪಿಸಿದವರ ಪಟ್ಟಿ ಮಾಡುವಾಗ ಅವರನ್ನು ಮೊದಲು ಬರೆಯಬೇಕು.

ಈ ಓದು ಸರಿಯೇ ಎಂದು ಪರೀಕ್ಷಿಸುವ ಅವಕಾಶವೂ ಚರಿತ್ರೆಯಲ್ಲೇ ಒದಗಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಕಳಿಸಲಾಯಿತು. ಮಗ್ಗದ ಮನೆಗಳು, ಹಂಚಿನ ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಗೂಡುಗಳು ಆರಲಿಲ್ಲ, ಕೂಲಿ ಪೂರ್ತಿ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಆರಾಧನೆಗೂ ಸಂಬಳದ ಪಟ್ಟಿಗೂ ಇದ್ದ ನಂಟು ಸಡಿಲವಾಯಿತು. ಅಷ್ಟರಲ್ಲಿ ಊರಿನ ಇತರ ಉದ್ಯಮಿಗಳೂ ಹಂಚಿನ ಕಾರ್ಖಾನೆ ನಡೆಸುತ್ತಿದ್ದರು. ಕೆಲಸ ಸಿಗಲು ಕ್ರೈಸ್ತನೇ ಆಗಿರಬೇಕೆಂದಿರಲಿಲ್ಲ. ನಂಬಿಕೆ ಕೂಲಿಯ ಮೇಲೆ ನಿಂತಿದ್ದರೆ ಬಹಿಷ್ಕಾರ ಹಾಕಿದ್ದ ಮನೆಗಳ ಕಡೆಗೆ ಜನ ತಿರುಗಿ ನಡೆಯಬೇಕಿತ್ತು. ಹಾಗಾಗಲಿಲ್ಲ. ಬಿಳಿಯ ಗುರುಗಳಿಲ್ಲದ ಆ ವರ್ಷಗಳಲ್ಲಿ ಇಲ್ಲಿನ ಸಭಾಪಾಲಕರು, ಉಪದೇಶಿಗಳು, ಸಭೆಯ ಹಿರಿಯರು ಆರಾಧನೆ ನಡೆಸಿದರು, ಶಾಲೆಗಳನ್ನು ಕಾಪಾಡಿಕೊಂಡರು. ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಭಾಗವಾಗಿ ಬಾಳುತ್ತಿವೆ.